ದಿನಕ್ಕೊಂದು ಚಾದರ

ಜನವರಿ 11

ಮಗಳೇ,

ಹೇಗಿದ್ದೀಯ? ನಿನ್ನ ಗಂಡ ಮೇಷ್ಟ್ರ ಕೆಮ್ಮು ಇಳಿಯಿತಾ? ಹೋದ ಸಲ ಬಂದಾಗ ಅವರು ಪಾಠದ ನಡುವೆ ಕೆಮ್ಮುತ್ತಾರೋ, ಕೆಮ್ಮಿನ ನಡುವೆ ಪಾಠ ಮಾಡುತ್ತಾರೋ ತಿಳಿಯುತ್ತಿರಲಿಲ್ಲ. ನಿನ್ನ ಮಗಳು ಚಿನಕುರಳಿಗೆ ಮುಂದಿನ ಹಲ್ಲು ಬಂತಾ? ಬರುವವರೆಗೆ ಅವಳ ಮಾತು ಸೋರುತ್ತಲೇ ಇರಲಿ, ಕೇಳಲು ಚೆನ್ನ. ನಿನ್ನ ಅಮ್ಮ ಉಪ್ಪು ಬಿಟ್ಟಿದ್ದಾಳಂತೆ. ನಿಜವಾಗಿ ಬಿಟ್ಟಿದ್ದಾಳೋ, ಬಿಟ್ಟಿದ್ದೇನೆ ಅಂತ ಹೇಳುತ್ತಾಳೋ, ಅಡುಗೆಮನೆಯ ಮೇಲಿನ ಡಬ್ಬ ಒಮ್ಮೆ ತೆಗೆದು ನೋಡು. ಅವಳು ನನ್ನ ತಂಗಿ, ನನಗೆ ಗೊತ್ತು.

ನಾನು ಗಟ್ಟಿಮುಟ್ಟು, ಕಿವಿಯೊಂದು ಬಿಟ್ಟು. ಮೂವತ್ತೆರಡು ವರ್ಷ ಬಾಯ್ಲರಿನ ಪಕ್ಕ ನಿಂತ ಕಿವಿ, ಫೋನಿನಲ್ಲಿ ಬರುವ ಮಾತನ್ನೆಲ್ಲ ಸೊಳ್ಳೆಯ ಸದ್ದು ಮಾಡಿಬಿಡುತ್ತದೆ. ಅದಕ್ಕೇ ಈ ಕಾಗದ. ಹೇಳಿದ್ದು ಕೇಳಿಸದಿದ್ದರೂ ಬರೆದದ್ದು ಕಾಣಿಸುತ್ತದಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಲಾಂಡ್ರಿಗೆ ದೊಡ್ಡಾಸ್ಪತ್ರೆಯಿಂದ ಪತ್ರ ಬಂದಿದೆ. ದಿನಕ್ಕೆ ಮುನ್ನೂರ ನಲವತ್ತು ಚಾದರ ಒಗೆಸುವವರು ಅವರು. ಅವರಿಲ್ಲದಿದ್ದರೆ ನಮ್ಮ ಸಹಕಾರ ಸಂಘದ ಇಪ್ಪತ್ತಾರು ಜನ ಬೀಗ ಹಾಕಿಕೊಂಡು ಮನೆಗೆ ಹೋಗಬೇಕಾದ್ದೇ. ದರ ಐದರಲ್ಲಿ ಒಂದು ಪಾಲು ಇಳಿಯಬೇಕಂತೆ, ಚಿಮಣಿಯ ಹೊಗೆಯೂ ಇಳಿಯಬೇಕಂತೆ. ಏಪ್ರಿಲ್‌ನಲ್ಲಿ ಅವರ ಮೇಟ್ರನ್ ಬಂದು ನೋಡುತ್ತಾರೆ. ಆಗಲಿಲ್ಲವೋ, ಊರಾಚೆಯ ದೊಡ್ಡ ಲಾಂಡ್ರಿಗೆ ಕೆಲಸ ಹೋಗುತ್ತದೆ. ದರಕ್ಕೂ ಹೊಗೆಗೂ ಕಾರಣ ನನ್ನ ಬಾಯ್ಲರು. ದಿನಕ್ಕೆ ಒಂಬತ್ತು ತಳ್ಳುಗಾಡಿ ಕಲ್ಲಿದ್ದಲು ನುಂಗುತ್ತದೆ ಪುಣ್ಯಾತ್ಮ.

ಸಂಘದಲ್ಲಿ ದೊಡ್ಡ ಜಗಳವಾಯಿತು. ಲೆಕ್ಕ ಬರೆಯುವವರು ಕರೆಂಟಿನ ಬಾಯ್ಲರ್ ಹಾಕೋಣ ಅಂದರು. ತಾರಸಿಯ ಮೇಲೆ ಸೋಲಾರ್ ಹಾಸು ಹಾಕಿ ನೀರು ಕಾಯಿಸೋಣ ಅಂತ ಅರ್ಧ ಜನ. ಸೋಲಾರ್ ಮಾರುವವರು ಆಗಲೇ ಬಣ್ಣದ ಪುಸ್ತಕ ಹಂಚಿ ಹೋಗಿದ್ದಾರೆ. ಕೊನೆಗೆ ಇಸ್ತ್ರಿಯಕ್ಕ ಎದ್ದು ನಿಂತು, ಬೆಂಕಿಯ ವಿಷಯ ಬೆಂಕಿ ಹತ್ತಿರ ಇರುವವರು ಹೇಳಲಿ, ಬಾಯ್ಲರಮ್ಮ ಏನು ಹೇಳುತ್ತಾರೋ ಅದು ಅಂದಳು. ಎಲ್ಲರೂ ಹೂಂ ಅಂದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮಾತಿಗೆ ಇಪ್ಪತ್ತೈದು ಜನ ಕಾಯುತ್ತಿದ್ದಾರೆ, ನೋಡಿಕೋ. ಮಾರ್ಚ್ 30ಕ್ಕೆ ಸಭೆ.

ನನ್ನ ಮನಸ್ಸು ಬಿಸಿಲಿನ ಕಡೆ. ನಮ್ಮ ತಾರಸಿಯ ಬಿಸಿಲು ಎಂಥದ್ದು ಅನ್ನುವುದಕ್ಕೆ ಯಾವ ಮಾರುವವನ ಹತ್ತಿರವೂ ಇಲ್ಲದ ಸಾಕ್ಷಿ ನನ್ನ ಹತ್ತಿರ ಇದೆ. ಆದರೂ ನೀನು ಓದಿದವಳು, ಗಾಳಿಯಿಂದ ಕರೆಂಟು ತೆಗೆಯುವ ಕಡೆ ಕೆಲಸ ಮಾಡುವವಳು. ನಿನ್ನ ಮಾತೊಂದು ಬೇಕು. ಸುಮ್ಮನೆ ನಿನ್ನ ಫ್ಯಾನಿನ ಪರ ವಾದಿಸಬೇಡ.

ದೊಡ್ಡಮ್ಮ


ಜನವರಿ 29

ದೊಡ್ಡಮ್ಮ,

ಎಲ್ಲರೂ ಚೆನ್ನಾಗಿದ್ದೇವೆ. ಡಬ್ಬ ನೋಡಿದೆ. ಅಮ್ಮ ಸಿಕ್ಕಿಬಿದ್ದಳು, ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಟವರಿನ ಕೆಲಸ ಎಂದಿನಂತಿದೆ.

ಬಿಸಿಲೋ ಗಾಳಿಯೋ ಕರೆಂಟೋ, ಯಾವುದಕ್ಕಾದರೂ ಮೂರು ಪ್ರಶ್ನೆ ಕೇಳಿ. ಅದು ಯಾವಾಗ ಬರುತ್ತದೆ? ನಮಗೆ ಯಾವಾಗ ಬೇಕು? ಆ ಎರಡರ ನಡುವೆ ಅದನ್ನು ಎಲ್ಲಿಡುವುದು? ಖರ್ಚೆಲ್ಲ ಮೂರನೆಯದರಲ್ಲಿದೆ. ಮಾರುವವರು ಅದನ್ನು ಮಾತ್ರ ಹೇಳುವುದಿಲ್ಲ.

ನಿಮ್ಮ ತಾರಸಿಯ ಬಿಸಿಲು ಒಳ್ಳೆಯದು ಅಂತ ಅಳೆದವರು ಯಾರು? ಯಾವುದರಿಂದ ಅಳೆದರು?

ಹೆಚ್ಚು ಬರೆಯಲು ಆಗುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಮಗಳು


ಫೆಬ್ರವರಿ 6

ಮಗಳೇ,

ಕಾಗದ ಬಂತು. ಕಾಗದ ಅನ್ನಲೋ ಚೀಟಿ ಅನ್ನಲೋ. ಅಕ್ಷರವಂತೂ ಕೋಳಿ ಕೆದಕಿದ ಹಾಗಿದೆ, ಫ್ಯಾನಿನ ರೆಕ್ಕೆಯ ಮೇಲೆ ಕೂತು ಬರೆದೆಯಾ? ದೊಡ್ಡ ಕೆಲಸದವರಿಗೆ ಪುರಸೊತ್ತು ಕಡಿಮೆ, ಗೊತ್ತಾಗುತ್ತದೆ ಬಿಡು. ಮೂರು ಪ್ರಶ್ನೆ ಕಳಿಸಿದ್ದೀಯ. ಪರೀಕ್ಷೆ ನನಗೆ ಹೊಸದಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಬಾಯ್ಲರ್ ಪರೀಕ್ಷೆ ಪಾಸು ಮಾಡಿದವಳು ನಾನು. ಆ ವರ್ಷ ಕೂತ ಹದಿನಾಲ್ಕು ಗಂಡಸರಲ್ಲಿ ಒಂಬತ್ತು ಜನ ಫೇಲು. ಸರ್ಟಿಫಿಕೇಟು ಇವತ್ತಿಗೂ ನೀರಿನ ಗೇಜಿನ ಮೇಲೆ ಗೋಡೆಯಲ್ಲಿದೆ, ವಾರಕ್ಕೊಮ್ಮೆ ಮಸಿ ಒರೆಸುತ್ತೇನೆ.

ನಿನ್ನ ಮೂರನೇ ಪ್ರಶ್ನೆ ಓದಿ ಅರ್ಧ ದಿನ ಕೂತು ಯೋಚಿಸಿದೆ. ಕಲ್ಲಿದ್ದಲನ್ನು ಎಲ್ಲರೂ ಬೈಯುತ್ತಾರೆ. ನಾನೂ ಬೈಯುತ್ತೇನೆ, ನನ್ನ ಮೂಗಿನೊಳಗೆ ಅದಿದೆ. ಆದರೆ ಅದರ ದೊಡ್ಡ ಗುಣ ಯಾವುದು ಗೊತ್ತಾ? ಕಾಯುತ್ತದೆ. ಅಂಗಳದಲ್ಲಿ ಸುರಿದರೆ ನನಗೆ ಬೇಕಾದ ದಿನದವರೆಗೆ ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ. ನಾವು ದುಡ್ಡು ಕೊಡುವುದು ಅದರ ಶಾಖಕ್ಕಲ್ಲ, ಅದರ ತಾಳ್ಮೆಗೆ. ಬಿಸಿಲಿಗೆ ಆ ತಾಳ್ಮೆ ಇಲ್ಲ, ಒಪ್ಪಿದೆ. ಕರೆಂಟಿಗೂ ಇಲ್ಲ, ಅದೂ ಎಲ್ಲರಿಗೂ ಬೇಕಾದ ಬೆಳಗಿನ ಹೊತ್ತಿನಲ್ಲೇ ನಮಗೂ ಬೇಕು, ಆಗಲೇ ಅದರ ದರ ಏರುವುದು. ಅಲ್ಲದೆ ನಮ್ಮ ಚಿಮಣಿ ಮುಚ್ಚಿ ಇನ್ನಾರದೋ ಚಿಮಣಿಗೆ ಕಲ್ಲಿದ್ದಲು ಹಾಕಿಸುವುದರಲ್ಲಿ ನನಗೆ ಯಾವ ಹೆಚ್ಚುಗಾರಿಕೆಯೂ ಕಾಣುವುದಿಲ್ಲ. ಇದನ್ನು ಲೆಕ್ಕದವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಇಲ್ಲದಾಗ ಅವರು ಮಾಡುವುದು ಅದನ್ನೇ.

ಅಳೆದವರು ಯಾರು ಅಂದೆಯಲ್ಲ, ನಾನೇ. ಹನ್ನೊಂದು ವರ್ಷದ ಹಿಂದೆ ಡ್ರೈಯರ್ ಬಂತು. ಅಲ್ಲಿಯವರೆಗೆ ತಾರಸಿಯ ಮೇಲೆ ಹದಿನೆಂಟು ತಂತಿ ಕಟ್ಟಿ ಒಣಹಾಕುತ್ತಿದ್ದೆವು. ಮಾರಲು ಬಂದವನು ಎಲ್ಲರೆದುರು, ತಂತಿ ಮೇಲೆ ಒಂದು ಚಾದರ ಒಣಗಲು ಇಡೀ ದಿನ ಬೇಕು, ನಮ್ಮ ಯಂತ್ರಕ್ಕೆ ನಲವತ್ತು ನಿಮಿಷ ಅಂದ. ನಾನು ಇಡೀ ದಿನ ಬೇಡಪ್ಪ ಅಂದೆ. ಅವನು ನಕ್ಕು, ಅಮ್ಮ, ಅಳೆದು ನೋಡಿದ್ದೀರಾ ಅಂದ. ತಂತಿ ಎಲ್ಲ ಬಿಚ್ಚಿದರು. ಒಂದನ್ನು ನಾನು ಬಿಚ್ಚಲು ಬಿಡಲಿಲ್ಲ. ಅವತ್ತಿನಿಂದ ಕೆಲಸದ ದಿನ ಒಂದೂ ತಪ್ಪದೆ, ಬೆಳಿಗ್ಗೆ ಹತ್ತಕ್ಕೆ ಹಿಂಡುವ ಯಂತ್ರದಿಂದ ಒಂದು ಚಾದರ ತೆಗೆದು ಆ ತಂತಿಗೆ ಹಾಕುತ್ತೇನೆ. ಎಷ್ಟು ನಿಮಿಷಕ್ಕೆ ಒಣಗಿತು ಅಂತ ಬರೆದಿಡುತ್ತೇನೆ, ಮಳೆ ಸುರಿದರೆ ಹಾಕಲಿಲ್ಲ ಅಂತ ಬರೆಯುತ್ತೇನೆ. ಜೊತೆಗೆ ಆಕಾಶ ಹೇಗಿತ್ತು, ಚಿಮಣಿಯ ಹೊಗೆ ಹೇಗಿತ್ತು. ಹೊಗೆ ಬರೆಯುವುದು ಬಾಯ್ಲರಿನವರ ಅಭ್ಯಾಸ, ಬೆಂಕಿ ಎಳೆಯುತ್ತಿದೆಯೋ ಇಲ್ಲವೋ ಅದರಲ್ಲಿ ತಿಳಿಯುತ್ತದೆ. ಕಾಯಿಲೆ ಬಿದ್ದ ದಿನ ಇಸ್ತ್ರಿಯಕ್ಕ ಬರೆದಿದ್ದಾಳೆ. ಎಷ್ಟೋ ದಿನ ಒಂದು ಗಂಟೆಯೊಳಗೆ ಒಣಗಿದೆ. ಬಿಸಿಲು ಅಷ್ಟು ಖಡಕ್ಕು.

ನಾಲ್ಕೂ ನೋಟ್‌ಬುಕ್ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಯಾರಿಗೂ ಕೊಟ್ಟವಳಲ್ಲ. ಜೋಪಾನ. ಎಣ್ಣೆ ಕೈಯಲ್ಲಿ ಮುಟ್ಟಬೇಡ.

ದೊಡ್ಡಮ್ಮ


ಫೆಬ್ರವರಿ 27

ದೊಡ್ಡಮ್ಮ,

ನೋಟ್‌ಬುಕ್ ಪೂರ್ತಿ ಓದಿದೆ. ಮೂರು ಸಾವಿರದ ಮುನ್ನೂರ ಹನ್ನೆರಡು ದಿನ. ಒಂದೊಂದನ್ನೂ ಕಂಪ್ಯೂಟರಿಗೆ ಏರಿಸಿದ್ದೇನೆ.

ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ, ನೇರವಾಗಿ ಹೇಳುತ್ತೇನೆ. ನೀವು ಮೂರು ತರಹ ಹೊಗೆ ಬರೆದಿದ್ದೀರಿ: ನೆಟ್ಟಗೆ, ಬಾಗಿದೆ, ಮಲಗಿದೆ. ಬಿಸಿಲಿದ್ದು ಹೊಗೆ ನೆಟ್ಟಗಿದ್ದ ದಿನಗಳಲ್ಲಿ ಚಾದರ ಒಣಗಲು ಸರಾಸರಿ ನೂರ ಮೂವತ್ತು ನಿಮಿಷ. ಮೋಡ ಕವಿದು ಹೊಗೆ ಮಲಗಿದ್ದ ದಿನಗಳಲ್ಲಿ ಎಪ್ಪತ್ತು. ಹೊಗೆಯನ್ನು ಮಲಗಿಸುವುದು ಗಾಳಿ.

ಹನ್ನೊಂದು ವರ್ಷ ನೀವು ಅಳೆದದ್ದು ಬಿಸಿಲನ್ನಲ್ಲ, ಗಾಳಿಯನ್ನು. ಬಿಸಿಲಿನ ವಿಷಯದಲ್ಲಿ ಈ ನೋಟ್‌ಬುಕ್ ಏನನ್ನೂ ಸಾಬೀತು ಮಾಡುವುದಿಲ್ಲ. ಇದನ್ನು ನಂಬಿ ತಾರಸಿ ತುಂಬ ಸೋಲಾರ್ ಹಾಕಿಸಿದರೆ ಸಂಘ ಸಾಲದಲ್ಲಿ ಮುಳುಗುತ್ತದೆ.

ನಿಮ್ಮ ಮಗಳು


ಮಾರ್ಚ್ 14

ದೊಡ್ಡಮ್ಮ,

ಎರಡು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಕಾಗದ ಸಿಕ್ಕಲಿಲ್ಲವೋ, ಸಿಕ್ಕಿದ್ದಕ್ಕೇ ಹೀಗೋ? ನಾನು ಬರೆದ ರೀತಿ ಒರಟಾಯಿತು. ಅಮ್ಮ ಓದಿ, ಅಕ್ಕನಿಗೆ ಹೀಗಾ ಬರೆಯುವುದು ಅಂತ ಬೈದಳು. ಲೆಕ್ಕ ಸರಿ ಇದೆ ದೊಡ್ಡಮ್ಮ, ಮಾತು ಸರಿ ಇರಲಿಲ್ಲ. ಮೇಷ್ಟ್ರೂ ಚಿನಕುರಳಿಯೂ ಕೇಳಿದ್ದಾರೆ ಅಂತ ಬರೆಯಲು ಹೇಳಿದರು. ಚಿನಕುರಳಿ ಕೇಳಿದ್ದು ನಿಮ್ಮನ್ನಲ್ಲ, ಚಾದರ ಇವತ್ತೂ ಹಾಕಿದಿರಾ ಅಂತ.

ನಿಮ್ಮ ಮಗಳು


ಮಾರ್ಚ್ 16

ಮಗಳೇ,

ನಿನ್ನ ಲೆಕ್ಕದ ಕಾಗದ ಓದಿ ಮಡಚಿ ಸರ್ಟಿಫಿಕೇಟಿನ ಹಿಂದೆ ಸಿಕ್ಕಿಸಿಬಿಟ್ಟಿದ್ದೆ. ಸುಳ್ಳೇಕೆ, ಸಿಟ್ಟು ಬಂತು. ಇವಳ ಅನ್ನ ಗಾಳಿಯದ್ದು, ಅದಕ್ಕೇ ಎಲ್ಲದರಲ್ಲೂ ಗಾಳಿ ಕಾಣುತ್ತಾಳೆ ಅಂದುಕೊಂಡೆ. ಆಮೇಲೆ ಹೊಳೆಯಿತು, ನನ್ನ ಅನ್ನ ಬೆಂಕಿಯದ್ದು, ಎಲ್ಲದರಲ್ಲೂ ಬಿಸಿ ಕಂಡವಳು ನಾನೇ. ಒದ್ದೆ ಒಣಗಿತು ಅಂದರೆ ಬಿಸಿಯೇ ಒಣಗಿಸಿತು ಅಂತ ಹನ್ನೊಂದು ವರ್ಷ ಒಂದು ದಿನವೂ ಅನುಮಾನ ಬರಲಿಲ್ಲ ನೋಡು.

ಆದರೂ ನೀನು ಹೇಳಿದೆ ಅಂತ ಒಪ್ಪುವವಳಲ್ಲ. ಒಂದರ ಬದಲು ಎರಡು ಚಾದರ ತೆಗೆದುಕೊಂಡು ತಾರಸಿ ಹತ್ತಿದೆ. ನೀರಿನ ಟ್ಯಾಂಕಿನ ಮರೆಯಲ್ಲಿ ಒಂದು ಮೂಲೆ ಇದೆ, ಒಳ್ಳೆ ಬಿಸಿಲು, ಗಾಳಿ ಸುಳಿಯುವುದಿಲ್ಲ. ಒಂದನ್ನು ಅಲ್ಲಿ ಹಾಕಿದೆ. ಇನ್ನೊಂದನ್ನು ಮೆಟ್ಟಿಲ ಕೋಣೆಯ ನೆರಳಿನಲ್ಲಿ, ಗಾಳಿ ಬಡಿಯುವ ಕಡೆ. ಆರು ದಿನ ಹೀಗೇ ಮಾಡಿದೆ. ಆರೂ ದಿನ ನೆರಳಿನ ಚಾದರ ಮೊದಲು ಒಣಗಿತು. ಏಳನೇ ದಿನ ಮಾಡಲಿಲ್ಲ, ಅಷ್ಟು ನಾಚಿಕೆಗೇಡು ಸಾಕು.

ಕೆಟ್ಟ ಸುದ್ದಿ ಇನ್ನೊಂದಿದೆ, ಅದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ನೋಟ್‌ಬುಕ್ ನಿನಗೆ ಕಳಿಸುವ ಮೊದಲೇ ನಾನು ಸಂಘದಲ್ಲಿ ಬಿಸಿಲೇ ಸರಿ ಅಂತ ಹೇಳಿಯಾಗಿತ್ತು. ಸೋಲಾರಿನವರು ಬಂದು ತಾರಸಿ ಅಳೆದುಕೊಂಡು ಹೋಗಿದ್ದರು. ನೆನ್ನೆ ಎಲ್ಲರನ್ನೂ ಇಸ್ತ್ರಿ ಕೋಣೆಗೆ ಕರೆದೆ. ನಾನು ಹೇಳಿದ್ದು ತಪ್ಪು, ಹೀಗೆ ಹೀಗೆ ತಪ್ಪಿದೆ, ಅಂತ ಎರಡು ಚಾದರದ ವಿಷಯವನ್ನೂ ಹೇಳಿದೆ. ಲೆಕ್ಕದವರು, ಹಾಗಾದರೆ ಹನ್ನೊಂದು ವರ್ಷ ಬಾಯ್ಲರಮ್ಮ ಗಾಳಿ ಲೆಕ್ಕ ಬರೆದರು ಅನ್ನಿ ಅಂದರು. ಎಲ್ಲರೂ ನಕ್ಕರು. ಇಸ್ತ್ರಿಯಕ್ಕ ಮಾತ್ರ ನಗಲಿಲ್ಲ. ತಪ್ಪು ಬರೆದವರು ಬಹಳ ಜನ ಇದ್ದಾರೆ, ತಪ್ಪನ್ನು ತಾವೇ ಹಿಡಿದು ತಂದು ತೋರಿಸಿದವರು ಇದೇ ಮೊದಲು ಅಂದಳು. 

ಈಗ ನಿನ್ನ ಸರದಿ. ನಮ್ಮ ತಾರಸಿಯಲ್ಲಿ ಅಷ್ಟು ಗಾಳಿ ಇದ್ದರೆ ನಿನ್ನ ಫ್ಯಾನೊಂದನ್ನು ಕೂರಿಸೋಣ. ಹೇಳು, ಎಷ್ಟು ದೊಡ್ಡದು ಬೇಕು?

ಇನ್ನೊಂದು ಮಾತು. ನಿನ್ನ ಅಕ್ಷರ ಚಿಕ್ಕಂದಿನಿಂದ ಬಲಕ್ಕೆ ವಾಲುತ್ತಿತ್ತು. ಈಗ ಎಡಕ್ಕೆ ವಾಲುತ್ತಿದೆ. ಅದೂ ಅಲ್ಲದೆ, ದಿನಾ ಟವರು ಹತ್ತುವವಳಿಗೆ ಮೂರು ಸಾವಿರ ಸಾಲು ಕಂಪ್ಯೂಟರಿಗೆ ಏರಿಸಲು ಪುರಸೊತ್ತು ಎಲ್ಲಿಂದ ಬಂತು? ನನಗೆ ಕಿವಿ ಕೇಳದಿರಬಹುದು ಕಣೇ, ಗೇಜು ಓದಲು ಬರುತ್ತದೆ. ಏನಾಗಿದೆ ಹೇಳು.

ದೊಡ್ಡಮ್ಮ


ಮಾರ್ಚ್ 20

ದೊಡ್ಡಮ್ಮ,

ಅಮ್ಮನಿಗೂ ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿದ್ದೆ. ನವೆಂಬರಿನಲ್ಲಿ ಟವರಿನೊಳಗೆ ಏಣಿ ಇಳಿಯುವಾಗ ಕಾಲು ಜಾರಿತು. ಬೆಲ್ಟು ಹಿಡಿದುಕೊಂಡಿತು, ಆದರೆ ಬಲ ಭುಜ ಎಳೆದುಬಿಟ್ಟಿತು. ಶಸ್ತ್ರಚಿಕಿತ್ಸೆ ಆಗಿದೆ. ವಾಸಿಯಾಗುತ್ತಿದೆ ಅನ್ನುತ್ತಾರೆ. ಮತ್ತೆ ಹತ್ತುತ್ತೇನೋ ಇಲ್ಲವೋ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕೆಳಗೆ ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಕೊಟ್ಟಿದ್ದಾರೆ. ಎಂಟು ವರ್ಷ ಮೋಡದ ಪಕ್ಕ ನಿಂತು ಕೆಲಸ ಮಾಡಿದವಳು ಈಗ ಕಿಟಕಿಯಿಂದ ರೆಕ್ಕೆ ತಿರುಗುವುದನ್ನು ನೋಡುತ್ತಾ ಎಡಗೈಯಲ್ಲಿ ಟೀ ಕುಡಿಯುತ್ತೇನೆ. ನಿಮಗೆ ಏನಂತ ಬರೆಯಲಿ? ನೀವು ಸಿಕ್ಕಸಿಕ್ಕವರಿಗೆಲ್ಲ ನಮ್ಮ ಹುಡುಗಿ ಎಂಬತ್ತು ಮೀಟರ್ ಮೇಲೆ ಕೆಲಸ ಮಾಡುತ್ತಾಳೆ ಅಂತ ಹೇಳುತ್ತೀರಿ.

ನೋಟ್‌ಬುಕ್ ಬಂದಾಗ ಮೊದಲು ಹೊತ್ತು ಕಳೆಯಲು ತೆರೆದೆ. ಎರಡನೇ ದಿನಕ್ಕೆ ಊಟ ಮರೆತೆ. ಇಲ್ಲಿಯ ಎಂಜಿನಿಯರು ಒಬ್ಬರು ಬಂದು ನೋಡಿ, ಯಾವ ಸಂಸ್ಥೆಯ ಅಳತೆ ಇದು, ಒಂದು ದಿನವೂ ಬಿಟ್ಟುಹೋಗಿಲ್ಲವಲ್ಲ ಅಂದರು. ನಮ್ಮ ದೊಡ್ಡಮ್ಮನದು, ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಾರೆ ಅಂದೆ. ನಮ್ಮ ಯಂತ್ರಗಳೇ ವರ್ಷಕ್ಕೆ ಹತ್ತು ದಿನ ಅಳತೆ ತಪ್ಪುತ್ತವೆ ಅಂದರು. ನವೆಂಬರಿನಿಂದ ಈಚೆಗೆ ಅವತ್ತೇ ನಾನು ತಲೆ ಎತ್ತಿ ಕೂತದ್ದು.

ಈಗ ಫ್ಯಾನಿನ ವಿಷಯ. ಬೇಡ. ನನ್ನ ಹೊಟ್ಟೆಪಾಡೇ ಗಾಳಿ, ಆದರೂ ಬೇಡ ಅಂತಲೇ ಹೇಳುತ್ತೇನೆ. ತಾರಸಿಯ ಗಾಳಿ ಗೋಡೆಗೆ, ಟ್ಯಾಂಕಿಗೆ ಬಡಿದು ಸುತ್ತಿ ಸುಳಿಯುತ್ತದೆ. ಬಟ್ಟೆಗೆ ಅದರಿಂದ ತೊಂದರೆಯಿಲ್ಲ, ರೆಕ್ಕೆಗೆ ಅದು ವಿಷ. ಚಿಕ್ಕ ಫ್ಯಾನು ನಿಮ್ಮ ಇಸ್ತ್ರಿ ರೋಲರಿನ ಮೂಲೆಯನ್ನೂ ಬಿಸಿ ಮಾಡುವುದಿಲ್ಲ. ದೊಡ್ಡದು ಹಾಕಿದರೆ ಕಟ್ಟಡ ನಡುಗುತ್ತದೆ. ಗಾಳಿಯಂತ್ರ ನಿಲ್ಲಬೇಕಾದದ್ದು ಬಯಲಲ್ಲಿ, ಎತ್ತರದಲ್ಲಿ, ನೂರು ಅಣ್ಣತಮ್ಮಂದಿರ ಜೊತೆ. ಆಗಲೇ ಅದರ ಕರೆಂಟು ಅಗ್ಗ.

ಬಿಸಿಲೂ ಅಲ್ಲ, ಫ್ಯಾನೂ ಅಲ್ಲ. ಹತ್ತು ದಿನದಲ್ಲಿ ನಿಮ್ಮ ಸಭೆ. ನನಗೆ ಏನೂ ತೋಚುತ್ತಿಲ್ಲ ದೊಡ್ಡಮ್ಮ.

ನಿಮ್ಮ ಮಗಳು


ಮಾರ್ಚ್ 23

ಮಗಳೇ,

ಮೊದಲು ಭುಜ. ಎಂಬತ್ತು ಮೀಟರ್ ಅಂತ ನಾನು ಊರಿಗೆಲ್ಲ ಹೇಳುವುದು ನಿಜ. ಇನ್ನು ಮೇಲೆ, ಮೂರು ಸಾವಿರ ಚಾದರದೊಳಗಿಂದ ಗಾಳಿ ಹುಡುಕಿದಳು ಅಂತ ಹೇಳುತ್ತೇನೆ. ಮೀಟರು ಎಲ್ಲರಿಗೂ ಅರ್ಥವಾಗುತ್ತದೆ, ಇದು ಬುದ್ಧಿ ಇದ್ದವರಿಗೆ ಮಾತ್ರ. ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬೇಡ. ತಪ್ಪಿಸಿದರೆ ನಿನ್ನ ಅಮ್ಮ ನನಗೆ ಬರೆಯುತ್ತಾಳೆ. ನಾಳೆ ಅವಳಿಗೂ ಒಂದು ಕಾಗದ ಹೋಗುತ್ತದೆ, ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಈಗ ಕೇಳು. ನಿನ್ನ ಕಾಗದದಲ್ಲಿ ಒಂದು ಸಾಲು ಹಾಗೇ ಬರೆದುಕೊಂಡು ಹೋಗಿದ್ದೀಯ. ಬಟ್ಟೆಗೆ ಅದರಿಂದ ತೊಂದರೆಯಿಲ್ಲ ಅಂತ. ಅದನ್ನು ಓದಿ ಸಲಿಕೆ ಕೆಳಗಿಟ್ಟೆ.

ಗಾಳಿ ಫ್ಯಾನು ತಿರುಗಿಸಬೇಕು, ಫ್ಯಾನು ಕರೆಂಟು ಕೊಡಬೇಕು, ಕರೆಂಟು ನೀರು ಕಾಯಿಸಬೇಕು, ಆವಿ ಡ್ರೈಯರಿಗೆ ಹೋಗಬೇಕು, ಡ್ರೈಯರು ಚಾದರ ಒಣಗಿಸಬೇಕು. ನಾವೆಲ್ಲ ಕೂತು ಜಗಳ ಆಡಿದ್ದು ಇದಕ್ಕೆ. ಗಾಳಿ ಹನ್ನೊಂದು ವರ್ಷದಿಂದ ನನ್ನ ಕಣ್ಣೆದುರೇ ನೇರವಾಗಿ ಒಣಗಿಸುತ್ತಿದೆ.

ನನ್ನ ಒಂಬತ್ತು ಗಾಡಿ ಎಲ್ಲಿಗೆ ಹೋಗುತ್ತದೆ ಅಂತ ನಿನಗೆ ಯಾವತ್ತೂ ಹೇಳಿಲ್ಲ, ನೀನೂ ಕೇಳಿಲ್ಲ. ಮೂರು ಒಗೆಯುವ ನೀರಿಗೆ, ಎರಡು ಇಸ್ತ್ರಿ ರೋಲರಿಗೆ, ನಾಲ್ಕು ಡ್ರೈಯರಿಗೆ. ತಂತಿ ಮತ್ತೆ ಕಟ್ಟಿದರೆ ಒಳ್ಳೆಯ ದಿನ ನಾಲ್ಕೂ ಉಳಿಯಿತು. ಟ್ಯಾಂಕಿನ ಮರೆಯ ಆ ಬಿಸಿಲು ಮೂಲೆಯಲ್ಲಿ ಚಿಕ್ಕ ಸೋಲಾರ್ ಹಾಕಿ, ಹಗಲು ಕಾದ ನೀರನ್ನು ಮರುದಿನದ ಒಗೆತಕ್ಕೆ ಇಟ್ಟರೆ ಇನ್ನೊಂದು ಗಾಡಿ ಉಳಿಯಿತು. ಅಲ್ಲಿ ಚಾದರವಂತೂ ಒಣಗುವುದಿಲ್ಲ, ಪರೀಕ್ಷೆ ಮಾಡಿದ್ದೇನಲ್ಲ. ಮಸಿ ಬಿದ್ದರೆ ಅಂತೀಯ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬೆಂಕಿ ಉರಿಸಿ ಒಗೆತ ಮುಗಿಸುತ್ತೇನೆ. ಆಮೇಲೆ ಬೂದಿ ಹೊದಿಸಿ ಮಲಗಿಸುತ್ತೇನೆ. ಚಾದರ ಹೊರಗಿರುವಷ್ಟು ಹೊತ್ತು ಹೊಗೆಯೇ ಇಲ್ಲ. ಮಧ್ಯಾಹ್ನ ಎಬ್ಬಿಸಿ ಇಸ್ತ್ರಿ.

ನಿನ್ನ ಮೂರನೇ ಪ್ರಶ್ನೆ ಮರೆತಿಲ್ಲ. ಗಾಳಿ ಇಲ್ಲದ ದಿನ, ಮಳೆ ದಿನ ಏನು? ಗಾಳಿಯನ್ನು ಎಲ್ಲಿಡುವುದು? ಕಪಾಟಿನಲ್ಲಿ. ಆಸ್ಪತ್ರೆಯವರು ಪ್ರತಿ ಹಾಸಿಗೆಗೂ ಇನ್ನೊಂದೆರಡು ಜೊತೆ ಚಾದರ ಹೆಚ್ಚು ಇಟ್ಟುಕೊಂಡರೆ ಒಳ್ಳೆಯ ದಿನ ಒಣಗಿದ್ದು ಕೆಟ್ಟ ದಿನಕ್ಕೆ ಆಯಿತು. ಮಡಚಿಟ್ಟ ಒಣ ಚಾದರ ಕಲ್ಲಿದ್ದಲಿನಷ್ಟೇ ತಾಳ್ಮೆಯದ್ದು. ಆದರೆ ಎಷ್ಟು ಜೊತೆ? ಅದನ್ನು ನೀನು ಹೇಳಬೇಕು. ಕೆಟ್ಟ ದಿನ ಒಟ್ಟು ಎಷ್ಟು ಅನ್ನುವುದಲ್ಲ, ಒಂದರ ಹಿಂದೆ ಒಂದು ಎಷ್ಟು ಬಂದಿವೆ ಅನ್ನುವುದು. ನೋಟ್‌ಬುಕ್ಕಿನಲ್ಲಿ ಇದೆ, ತೆಗೆ.

ಒಂದೇ ಒಂದು ಕಲ್ಲು ಅಡ್ಡ ಇದೆ. ಇಸ್ತ್ರಿಯಕ್ಕನಿಗೆ ಮೊದಲು ಹೇಳಿದೆ. ಅವಳು ಕೈ ಸೊಂಟಕ್ಕಿಟ್ಟು, "ಒದ್ದೆ ಬುಟ್ಟಿ ಹೊತ್ತು ಮೂರು ಮಹಡಿ ಹತ್ತುವವರು ನಾವು, ನಿಮ್ಮ ಗಾಳಿ ಅಲ್ಲ," ಅಂದಳು. ಡ್ರೈಯರು ಬಂದ ದಿನ ಹೆಂಗಸರೆಲ್ಲ ಖುಷಿಪಟ್ಟದ್ದು ಅದಕ್ಕೇ. ನಾನು ಬೆಂಕಿಯ ಹತ್ತಿರ ಇದ್ದವಳು, ಬುಟ್ಟಿ ಹೊತ್ತವಳಲ್ಲ, ಅದು ನನಗೆ ಹೊಳೆದೇ ಇರಲಿಲ್ಲ. ಅವಳ ಸೊಂಟ ಮುರಿಸಿ ಕಲ್ಲಿದ್ದಲು ಉಳಿಸಿದರೆ ಅದು ಉಳಿತಾಯ ಅಲ್ಲ. ನೀವು ಅಷ್ಟು ಎತ್ತರಕ್ಕೆ ಸಾಮಾನು ಹೇಗೆ ಏರಿಸುತ್ತೀರಿ?

ಕಾಗದ ಬೇಗ ಹಾಕು. 30ಕ್ಕೆ ಸಭೆ.

ದೊಡ್ಡಮ್ಮ


ಮಾರ್ಚ್ 26

ದೊಡ್ಡಮ್ಮ,

ಆತುರದಲ್ಲಿ ಬರೆಯುತ್ತಿದ್ದೇನೆ, ಎಡಗೈಯನ್ನು ಕ್ಷಮಿಸಿ.

ಮಳೆಯಿಂದ ಹೊರಗೆ ಹಾಕಲಾಗದ ದಿನ ಆರುನೂರ ಹತ್ತು. ಹಾಕಿಯೂ ಒಂದೂವರೆ ಗಂಟೆಗಿಂತ ಹೆಚ್ಚು ಹಿಡಿದ ದಿನ ನಾನೂರ ಮೂವತ್ತೆರಡು. ಉಳಿದ ಎರಡು ಸಾವಿರದ ಇನ್ನೂರ ಎಪ್ಪತ್ತೂ ಒಳ್ಳೆಯ ದಿನ. ಮೂರರಲ್ಲಿ ಎರಡಕ್ಕಿಂತ ಹೆಚ್ಚು. ಕೆಟ್ಟ ದಿನಗಳು ಸಾಮಾನ್ಯವಾಗಿ ಒಂದೋ ಎರಡೋ ಒಟ್ಟಿಗೆ ಬಂದಿವೆ. ಎರಡನ್ನು ದಾಟಿದ್ದು ಹನ್ನೊಂದು ವರ್ಷದಲ್ಲಿ ಹತ್ತೊಂಬತ್ತು ಸಲ. ಅತಿ ಉದ್ದದ್ದು ಐದು ದಿನ, ಒಂದೇ ಸಲ, ನಾಲ್ಕನೇ ವರ್ಷ. ಅಲ್ಲಿ ನೀವು ಪಕ್ಕದಲ್ಲಿ "ದರಿದ್ರ ವಾರ" ಅಂತ ಬರೆದಿದ್ದೀರಿ. ಎರಡು ಜೊತೆ ಹೆಚ್ಚಿಗೆ ಇಟ್ಟರೆ ಸಾಕು. ಅದನ್ನೂ ಮೀರಿದ ದಿನಕ್ಕೆ ಡ್ರೈಯರು ಇದ್ದೇ ಇದೆ, ಮಾರಬೇಡಿ.

ಬುಟ್ಟಿಗೆ ರಾಟೆ ಕಟ್ಟಿಸಿ. ನಾವು ಟವರಿಗೆ ಸಲಕರಣೆ ಚೀಲ ಏರಿಸುವ ರೀತಿಯನ್ನೇ ನಿಮ್ಮ ಕಟ್ಟಡಕ್ಕೆ ಹೊಂದಿಸಿ ಚಿತ್ರ ಬರೆದು, ನಿಮ್ಮ ನಾಲ್ಕೂ ನೋಟ್‌ಬುಕ್ ಜೊತೆ ಇದರಲ್ಲೇ ವಾಪಸು ಕಳಿಸುತ್ತಿದ್ದೇನೆ. ನಾಲ್ಕು ರಾಟೆ, ಒಂದು ಹಗ್ಗ. ಮೇಲಿಂದ ಒಣ ಬುಟ್ಟಿ ಇಳಿಯುವ ಭಾರ ಒದ್ದೆ ಬುಟ್ಟಿ ಏರಲು ನೆರವಾಗುತ್ತದೆ. ಹಗ್ಗ ಜಾರದಂತೆ ಹಿಡಿಯುವ ಹಲ್ಲು ಹಾಕಿಸುವುದನ್ನು ಮಾತ್ರ ಬಿಡಬೇಡಿ. ನನ್ನ ಬೆನ್ನಿಗೆ ಆ ಬೆಲ್ಟು ಇಲ್ಲದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಚಾದರವೇ ಬ್ಯಾಟರಿ ಅನ್ನುವುದು ನನಗೆ ಹೊಳೆಯಲಿಲ್ಲ. ಇಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

ನಿಮ್ಮ ಮಗಳು


ಏಪ್ರಿಲ್ 19

ಮಗಳೇ,

ಇಷ್ಟು ದಿನ ಬರೆಯದಿದ್ದುದು ಸಿಟ್ಟಿನಿಂದಲ್ಲ, ಮುಗಿಸಿಯೇ ಬರೆಯೋಣ ಅಂತ.

ಸಭೆಯಲ್ಲಿ ಲೆಕ್ಕದವರು ಒಂದು ಗಂಟೆ ನನ್ನನ್ನು ಹುರಿದರು. ಇದು ಮುಂದೆ ಹೋಗುವುದೋ ಹಿಂದೆ ಹೋಗುವುದೋ, ಡ್ರೈಯರು ಬಿಟ್ಟು ತಂತಿಗೆ ಹೋದರು ಅಂತ ಜನ ನಗುವುದಿಲ್ಲವೇ ಅಂದರು. ನಾನು ನಿನ್ನ ಅಂಕಿ ಓದಿದೆ, ಒಂದೊಂದಾಗಿ. ಐದು ದಿನದ ದರಿದ್ರ ವಾರದ ತನಕ ಬಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಗಲೇ ಗೆದ್ದೆವು ಅಂತ ಗೊತ್ತಾಯಿತು. ರಾಟೆ ಕಟ್ಟಿದ ದಿನ ಮೊದಲ ಬುಟ್ಟಿ ಎಳೆದದ್ದು ಇಸ್ತ್ರಿಯಕ್ಕ. ಬುಟ್ಟಿ ತಾರಸಿಗೆ ಮುಟ್ಟಿತು, ಅವಳು ತನ್ನ ಅಂಗೈ ನೋಡಿಕೊಂಡಳು, ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದಳು: "ಆ ಹುಡುಗಿಗೆ ಬರೆಯಿರಿ, ಅವಳ ಭುಜ ನಮ್ಮೆಲ್ಲರ ಸೊಂಟ ಉಳಿಸಿತು ಅಂತ." ಬರೆದಿದ್ದೇನೆ.

ಮೇಟ್ರನ್ ಬಂದದ್ದು ಹದಿನಾರಕ್ಕೆ. ಬೇಕು ಅಂತಲೇ ಬಂದಹಾಗೆ ಪೂರ್ತಿ ಮೋಡ. ಸೋಲಾರಿನವರು ಚಿಕ್ಕ ಹಾಸು ಕೂರಿಸಿ ಅಲ್ಲೇ ನಿಂತಿದ್ದರು, ಇವತ್ತೇ ಬರಬೇಕಿತ್ತಾ ಅಂತ ಮುಖ ಸಣ್ಣದು ಮಾಡಿಕೊಂಡು. ನಾನು ಆಕಾಶ ನೋಡಲೇ ಇಲ್ಲ. ಬೆಂಕಿ ಮಲಗಿಸಿ, ಹತ್ತಕ್ಕೆ ಮೊದಲ ಸಲ ಹದಿನೆಂಟು ತಂತಿಯ ಮೇಲೂ ಚಾದರ ಎದ್ದವು. ಮೇಟ್ರನ್ ಬಿಳಿ ಕರ್ಚೀಫು ತೆಗೆದು ಮೊದಲ ಚಾದರ ಒರೆಸಿ ನೋಡಿದರು, ನಡುವಿನದೊಂದು, ಕೊನೆಯದೊಂದು. ಕರ್ಚೀಫು ಬಿಳಿಯೇ. ಎಪ್ಪತ್ತೆರಡು ನಿಮಿಷಕ್ಕೆ ಮೊದಲ ಸಾಲು ಇಳಿಸಿದೆವು. ಎರಡು ಜೊತೆ ಹೆಚ್ಚಿಗೆ ಯಾಕೆ ಇಡಬೇಕು ಅಂತ ಕೇಳಿದರು. ನೋಟ್‌ಬುಕ್ ಬಿಡಿಸಿಟ್ಟೆ. ಅವರು ನಿಂತೇ ಬಹಳ ಹೊತ್ತು ಪುಟ ತಿರುವಿದರು. "ಇದನ್ನು ಬರೆದವರು ಯಾರು?" ಅಂದರು. ನಾನು ಅಂದೆ. ಹೋಗುವಾಗ ಎರಡು ಜೊತೆಗೂ ಒಪ್ಪಿ ಸಹಿ ಹಾಕಿದರು. ಅವರು ಕೇಳಿದಷ್ಟು ದರ ಇಳಿಸಿದೆವು, ಮೂರು ವರ್ಷಕ್ಕೆ ಕೆಲಸ ನಮ್ಮದು. ಒಳ್ಳೆಯ ದಿನ ಈಗ ನಾಲ್ಕು ಗಾಡಿ ಸಾಕು, ಮೋಡದ ದಿನ ಐದು. ನಾನು ಕೈಯಾರೆ ತಳ್ಳಿದವಳು, ನನ್ನ ತೋಳಿಗೇ ಗೊತ್ತು.

ಒಂದು ವಿಷಯ ನಿನಗೆ ಹೇಳದೆ ಇಟ್ಟುಕೊಂಡಿದ್ದೆ. ಬೆಂಕಿ ಅರ್ಧ ದಿನ ಮಲಗಿದರೆ ಬಾಯ್ಲರಿನವಳಿಗೂ ಅರ್ಧ ದಿನವೇ ಕೆಲಸ. ಗೊತ್ತಿದ್ದೇ ಹೇಳಿದೆ. ಉಳಿದ ಅರ್ಧ ದಿನ ಇಸ್ತ್ರಿಯಕ್ಕನಿಗೆ ಬಾಯ್ಲರ್ ಪರೀಕ್ಷೆಗೆ ಪಾಠ ಹೇಳುತ್ತಿದ್ದೇನೆ. ಗೇಜಿನ ಮೇಲೆ ಎರಡನೇ ಸರ್ಟಿಫಿಕೇಟಿಗೆ ಜಾಗ ಬಿಟ್ಟು ಮೊಳೆ ಹೊಡೆದಿದ್ದೇನೆ.

ಒಂದು ತಮಾಷೆ. ಮೇಟ್ರನ್ ಹೋದ ಮೇಲೆ ಅವತ್ತಿನ ಸಾಲು ಬರೆಯಲು ಕೂತೆ. ಆಕಾಶ: ಮೋಡ. ಚಾದರ: ಎಪ್ಪತ್ತೆರಡು ನಿಮಿಷ. ಹೊಗೆ ಅಂತ ಬರೆದು ತಲೆ ಎತ್ತಿ ಚಿಮಣಿ ನೋಡಿದರೆ, ಬರೆಯಲು ಹೊಗೆಯೇ ಇಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಲ್ಲಿ ಗೆರೆ ಎಳೆದೆ. ಬಹಳ ನೇರ ಗೆರೆ.

ನಿನ್ನ ಅಮ್ಮ ಬರೆದಿದ್ದಾಳೆ, ಡಾಕ್ಟರು ಬಲಗೈಯನ್ನು ಪಟ್ಟಿಯಿಂದ ಬಿಡಿಸಿ ಆಡಿಸಲು ಹೇಳಿದ್ದಾರಂತೆ, ನೀನು ಹೆದರುತ್ತಿದ್ದೀಯಂತೆ. ಟವರು ಹತ್ತುವುದು ಆಮೇಲಿನ ಮಾತು. ಮೊದಲು ಪೆನ್ನು ಎತ್ತು. ಎರಡೇ ಸಾಲು ಸಾಕು, ಅಕ್ಷರ ಹೇಗಾದರೂ ಇರಲಿ, ಬಲಗೈಯಲ್ಲಿ ಬರೆ. ಬೇಗ ಬರೆ.

ದೊಡ್ಡಮ್ಮ